ಹೆಸರೊಂದು, ಹೀರುವುದೊಂದು

“ಬರ್ಬನ್ ಉಂಟಾ ಅಣ್ಣ?”

ತಿತಿಮತಿಯ ವೈನ್ ಶಾಪಿನ ಕಬ್ಬಿಣದ ಸರಳುಗಳ ಸಂದಿಯಿಂದ ನಾನು ಕೇಳಿದ್ದು ಇಷ್ಟೇ. ಅಂಗಡಿಯಾತ ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಹಗಲು ಹೊತ್ತಿನಲ್ಲೇ ಈತ ಎಲ್ಲೋ ಹಾಕಿಕೊಂಡು ಬಂದಿರಬೇಕು ಎಂಬ ಕರುಣೆ ಅವನ ಕಣ್ಣಲ್ಲಿತ್ತು. ಕೊನೆಗೆ ಬಲಕ್ಕೆ ಕೈ ತೋರಿಸಿದ. “ಅದು ಬೇಕರೀಲಿ ಸಿಗ್ತದೆ ಸಾರ್. ನಾವು ಬಿಸ್ಕತ್ತು ಇಡೋದಿಲ್ಲ.”

ತಪ್ಪು ಅವನದಲ್ಲ. ಚಾಕೊಲೇಟ್ ಬಣ್ಣದ, ನಡುವೆ ಕ್ರೀಮ್ ಮೆತ್ತಿದ, ಮೇಲೆ ಸಕ್ಕರೆ ಹರಳು ಉದುರಿಸಿದ ಆ ಬಿಸ್ಕತ್ತನ್ನು ತಿಂದೇ ಬೆಳೆದವರು ನಾವು. ಮನೆಗೆ ಬಂದು ಮಾವನಿಗೆ ವರದಿ ಒಪ್ಪಿಸಿದರೆ ಅವರದ್ದು ಇನ್ನೊಂದು ಅನುಮಾನ: “ಬರ್ಬನ್ ಅಂದರೆ ಕಾಫಿ ಗಿಡ ಅಲ್ಲವಾ?”

ಅದೂ ಸರಿಯೇ. ಅರೇಬಿಕಾ ಕಾಫಿಯಲ್ಲಿ ಆ ಹೆಸರಿನ ಹಳೆಯ ತಳಿಯೊಂದಿದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪವನ್ನು ಹಿಂದೆ ಬರ್ಬನ್ ದ್ವೀಪವೆಂದೇ ಕರೆಯುತ್ತಿದ್ದರು. ಅಲ್ಲಿ ಬೆಳೆದ ಕಾಫಿಗೂ ಅದೇ ಹೆಸರು ನಿಂತಿತು. ದ್ವೀಪಕ್ಕೆ ಹೆಸರು ಕೊಟ್ಟದ್ದು ಫ್ರಾನ್ಸನ್ನು ಆಳಿದ ಬರ್ಬನ್ ರಾಜವಂಶ. ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಬರ್ಬನ್ ಕೌಂಟಿಗೂ ಅದೇ ವಂಶದ ಹೆಸರು. ಆ ಸೀಮೆಯ ವಿಸ್ಕಿಗೆ ಈ ಹೆಸರು ಅಂಟಿದ್ದು ಕೌಂಟಿಯಿಂದಲೋ, ನ್ಯೂ ಆರ್ಲಿಯನ್ಸ್ ಪಟ್ಟಣದ ಬರ್ಬನ್ ಬೀದಿಯಿಂದಲೋ ಎಂಬ ಜಗಳ ಇನ್ನೂ ತೀರಿಲ್ಲ. ಅಂತೂ ಒಂದೇ ರಾಜವಂಶದ ಹೆಸರು ಹೊತ್ತು ಬೇಕರಿಯಲ್ಲೊಂದು, ತೋಟದಲ್ಲೊಂದು, ಬಾಟಲಿಯಲ್ಲೊಂದು!

ನನಗೆ ಬೇಕಿದ್ದದ್ದು ಬಾಟಲಿಯಲ್ಲಿದ್ದದ್ದು. ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಮೀದಿಗೆ ಇಡುವ ಬಾಟಲಿ

ನನ್ನ ಸೋದರಮಾವ ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಅವರ ಅಣ್ಣ, ನಮಗೆಲ್ಲ ದೊಡ್ಡ ಮಾವ, ಅವರೂ ಮಿಲಿಟರಿಯವರೇ. ಹೋದ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಈ ಸಲದ ಕೈಲ್ ಪೊಳ್ದ್ ಅವರಿಲ್ಲದ ಮೊದಲ ಹಬ್ಬ.

ಕೊಡಗಿನ ಹೊರಗಿನ ಓದುಗರಿಗಾಗಿ ಒಂದು ಮಾತು. ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೋವಿ, ಒಡಿಕತ್ತಿಗಳನ್ನು ತೊಳೆದಿಟ್ಟು ಪೂಜಿಸುವ ಆಯುಧ ಹಬ್ಬವಿದು. ಐನ್‌ಮನೆಯಲ್ಲಿ ದೀಪ ಹಚ್ಚಿ, ಬಾಳೆಯೆಲೆಯ ಮೇಲೆ ಕಡಂಬುಟ್ಟು, ಪಂದಿಕರಿ, ಜೊತೆಗೆ ಒಂದಿಷ್ಟು ಮದ್ಯ ಇಟ್ಟು ತೀರಿಹೋದ ಹಿರಿಯರಿಗೆ ಅರ್ಪಿಸುತ್ತಾರೆ. ಇದಕ್ಕೆ ‘ಮೀದಿ’ ಎಂದು ಹೆಸರು. ಹಿರಿಯರು ಮೊದಲು, ಉಳಿದವರು ಆಮೇಲೆ.

ದೊಡ್ಡ ಮಾವನ ಮೊಮ್ಮಗ ಅಮೆರಿಕದಲ್ಲಿದ್ದಾನೆ. ಫೋನ್ ಮಾಡಿ ಅಂದ: “ತಾತ ಇಲ್ಲಿಗೆ ಬಂದಿದ್ದಾಗ ಬರ್ಬನ್ ಕುಡಿದು ಇಷ್ಟಪಟ್ಟಿದ್ದರು. ಮೀದಿಗೆ ಒಂದು ಒಳ್ಳೆಯ ಬರ್ಬನ್ ಇಡಿ. ದುಡ್ಡು ಕಳಿಸ್ತೇನೆ.” ಹುಡುಕುವ ಹೊಣೆ ನನ್ನ ತಲೆಗೆ ಬಂತು.

ಸಣ್ಣ ಕೆಲಸವಲ್ಲವೇ ಎನ್ನಬೇಡಿ. ನನ್ನ ಮೇಲೆ ಹಳೆಯದೊಂದು ಬಾಕಿಯಿತ್ತು. ಹಲವು ವರ್ಷಗಳ ಹಿಂದೆ ನನ್ನ ಮನೆಯ ಒಕ್ಕಲಿಗೆ ನೆಂಟರೆಲ್ಲ ಬಂದಿದ್ದರು. ಹಿರಿಯರ ಮರ್ಯಾದೆಗೆಂದು ಪರಿಚಿತನೊಬ್ಬನಿಂದ ಹೆಸರಾಂತ ಸ್ಕಾಚ್ ಬಾಟಲಿಯೊಂದನ್ನು ಕೊಂಡಿದ್ದೆ. “ಏರ್‌ಪೋರ್ಟಿನ ಮಾಲು, ಅಂಗಡಿಯ ಅರ್ಧ ಬೆಲೆ” ಎಂದಿದ್ದ. ಮೊದಲ ಪೆಗ್ಗನ್ನು ದೊಡ್ಡ ಮಾವನ ಕೈಗೆ ಕೊಟ್ಟೆ. ಅವರು ಒಂದು ಗುಟುಕು ಕುಡಿದರು, ಲೋಟವನ್ನು ನಿಧಾನವಾಗಿ ಕೆಳಗಿಟ್ಟರು, ಬಾಟಲಿಯನ್ನು ತಿರುಗಿಸಿ ನೋಡಿದರು. “ಲೇಬಲ್ ಚೆನ್ನಾಗಿದೆ” ಎಂದರು, ಅಷ್ಟೇ. ಮತ್ತೆ ಆ ಲೋಟವನ್ನು ಮುಟ್ಟಲಿಲ್ಲ. ಖಾಲಿ ಬಾಟಲಿಗೆ ಯಾವುದೋ ಅಗ್ಗದ ಮಾಲು ತುಂಬಿ ನನಗೆ ಮಾರಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಈ ಸಲ ಅದೇ ಹಿರಿಯರ ಮುಂದೆ ಇಡಬೇಕು. ತಪ್ಪಾದರೆ ಹೇಳಲು ಅವರಿಲ್ಲ. ಆದ್ದರಿಂದಲೇ ಬಾಟಲಿಯನ್ನು ಓದುವುದು ಹೇಗೆಂದು ಕಲಿಯಲು ಕುಳಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮುಂದಿನ ಲೇಬಲ್, ಹಿಂದಿನ ಲೇಬಲ್

ಬಾಟಲಿಯ ಮುಂದಿನ ಲೇಬಲ್ ಮಾರುವವನದು, ಹಿಂದಿನದು ಕೊಳ್ಳುವವನದು. ಮುಂದೆ ಕುದುರೆ, ಕೋಟೆ, ಕಿರೀಟ, ಸಿಂಹಗಳ ಮೆರವಣಿಗೆಯೇ ಇರುತ್ತದೆ. ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಒಳಗೇನಿದೆ ಎಂಬ ಸತ್ಯವಿರುತ್ತದೆ. ಕನ್ನಡಕ ಹಾಕಿಕೊಂಡು ಓದಬೇಕಾದದ್ದು ಅದನ್ನೇ.

ಯುರೋಪಿನ ಕಾನೂನಿನಲ್ಲಿ ವಿಸ್ಕಿ ಎಂದರೆ ಧಾನ್ಯದಿಂದಲೇ ಭಟ್ಟಿ ಇಳಿಸಿದ್ದು, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂತದ್ದು. ನಮ್ಮಲ್ಲಿ ಹಾಗಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ದ್ರವ, ಅಂದರೆ ಕಾಕಂಬಿ, ಅದನ್ನು ಹುಳಿಬರಿಸಿ ಇಳಿಸಿದ ಮದ್ಯಸಾರಕ್ಕೆ ನೀರು, ಬಣ್ಣ, ಸುವಾಸನೆ ಸೇರಿಸಿ ವಿಸ್ಕಿ ಎಂದು ಮಾರುವುದು ಇಲ್ಲಿ ಹಳೆಯ ರೂಢಿ. ಈಚಿನ ವರ್ಷಗಳಲ್ಲಿ ನುಚ್ಚಕ್ಕಿ, ಮುಸುಕಿನ ಜೋಳದಿಂದ ತೆಗೆದ ಮದ್ಯಸಾರದ ಬಳಕೆ ಹೆಚ್ಚಾಗಿದೆ. ಅದು ಧಾನ್ಯದ್ದೇ. ಆದರೆ ರುಚಿ, ವಾಸನೆ ಎಲ್ಲ ಹೋಗುವಷ್ಟು ಶುದ್ಧ ಮಾಡಿರುತ್ತಾರೆ; ಅದಕ್ಕೇ ಅದಕ್ಕೆ ‘ನ್ಯೂಟ್ರಲ್ ಸ್ಪಿರಿಟ್’ ಎಂದು ಹೆಸರು. ಅದಕ್ಕೆ ಒಂದಿಷ್ಟು ಮಾಲ್ಟ್ ಸ್ಪಿರಿಟ್, ಇನ್ನೂ ಸ್ವಲ್ಪ ಮೇಲಿನ ದರ್ಜೆಯದಾದರೆ ಒಂದಿಷ್ಟು ಸ್ಕಾಚ್ ಬೆರೆಸಿರುತ್ತಾರೆ. ಎಷ್ಟು ಬೆರೆಸಿದ್ದಾರೆ ಎಂಬುದನ್ನು ಹೆಮ್ಮೆಯಿಂದ ಬರೆದುಕೊಂಡವರು ಕಡಿಮೆ.

ಆದ್ದರಿಂದ ಹಿಂದಿನ ಲೇಬಲಿನಲ್ಲಿ ‘ನ್ಯೂಟ್ರಲ್ ಸ್ಪಿರಿಟ್’, ‘ಕ್ಯಾರಮೆಲ್ ಬಣ್ಣ’, ‘ಸುವಾಸನೆ ಸೇರಿಸಲಾಗಿದೆ’ ಎಂಬ ಮೂರು ಮಾತು ಒಟ್ಟಿಗೆ ಕಂಡರೆ ತಿಳಿದುಕೊಳ್ಳಿ: ನೀವು ದುಡ್ಡು ಕೊಡುತ್ತಿರುವುದು ಬಹುಪಾಲು ಮುಂದಿನ ಲೇಬಲಿಗೆ. ಕುಡಿಯಬಾರದೆಂದಲ್ಲ, ಅಪಾಯವೆಂದೂ ಅಲ್ಲ. ಇಂಥ ಎರಡು ಬಾಟಲಿಗಳಲ್ಲಿ ಒಂದಕ್ಕೆ ಇನ್ನೊಂದರ ಎರಡರಷ್ಟು ಬೆಲೆ ಕೊಡುವಾಗ ಮಾತ್ರ ಒಮ್ಮೆ ಯೋಚಿಸಿ.

ಕೊಳ್ಳುವವರು ಇದನ್ನೆಲ್ಲ ಬಲ್ಲವರು ಎಂಬ ನಂಬಿಕೆ ನಮ್ಮ ಸುಪ್ರೀಂ ಕೋರ್ಟಿಗೆ ಇದೆ. ಬೆಂಗಳೂರಿನ ಖೋಡೆಯವರು 1968ರಲ್ಲಿ ‘ಪೀಟರ್ ಸ್ಕಾಟ್’ ಎಂಬ ವಿಸ್ಕಿ ತಂದರು. ‘ಸ್ಕಾಟ್’ ಎಂಬ ಮಾತು ಕಂಡು ಜನ ಅದನ್ನು ಸ್ಕಾಟ್ಲೆಂಡಿನದೆಂದು ಭ್ರಮಿಸುತ್ತಾರೆ ಎಂದು ಅಲ್ಲಿನ ಸ್ಕಾಚ್ ವಿಸ್ಕಿ ಸಂಘ ತಕರಾರು ಹೂಡಿತು. ಮೊಕದ್ದಮೆ ವರ್ಷಗಟ್ಟಲೆ ನಡೆದು 2008ರಲ್ಲಿ ಖೋಡೆಯವರ ಪರವಾಗಿ ಮುಗಿಯಿತು. ತಕರಾರು ಎತ್ತಲು ಬಹಳ ತಡಮಾಡಿದಿರಿ ಎಂಬುದು ಒಂದು ಕಾರಣ. ಇಂಥ ಮದ್ಯ ಕೊಳ್ಳುವವರು ವಿದ್ಯಾವಂತರು, ಅನುಕೂಲಸ್ಥರು, ಅಷ್ಟು ಸುಲಭಕ್ಕೆ ಮೋಸಹೋಗುವವರಲ್ಲ ಎಂಬುದು ಇನ್ನೊಂದು. ನ್ಯಾಯಾಲಯದ ಮಾತಿಗೆ ತಲೆಬಾಗುತ್ತೇನೆ. ನನ್ನ ಮನೆ ಒಕ್ಕಲಿನ ಕತೆ ಅಲ್ಲಿಯವರೆಗೆ ತಲುಪಿರಲಿಕ್ಕಿಲ್ಲ.

ಜೋಳಕ್ಕೊಂದು ಕಾನೂನು

ಬರ್ಬನ್ ಕಡೆಗೆ ಬರೋಣ. ಇದರ ವಿಶೇಷವೆಂದರೆ ಹೆಸರಿನ ಬೆನ್ನಿಗೇ ಒಂದು ಕಟ್ಟುನಿಟ್ಟಾದ ಕಾನೂನು ನಿಂತಿದೆ. ಧಾನ್ಯದ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ಮುಸುಕಿನ ಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಇಲ್ಲವೇ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಇಳಿಸುವಾಗ ಮದ್ಯಸಾರದ ಪ್ರಮಾಣ ಶೇ 80 ಮೀರಬಾರದು. ಮೀರಿದರೆ ಧಾನ್ಯದ ರುಚಿ ಉಳಿಯುವುದಿಲ್ಲ. ಪೀಪಾಯಿಗೆ ತುಂಬುವಾಗ ಶೇ 62.5 ಮೀರಬಾರದು. ಪೀಪಾಯಿ ಹೊಸದೇ ಆಗಿರಬೇಕು, ಓಕ್ ಮರದ್ದಾಗಿರಬೇಕು, ಒಳಮೈಯನ್ನು ಬೆಂಕಿಯಲ್ಲಿ ಕರಿಕಾಗಿಸಿರಬೇಕು. ಬಾಟಲಿಗೆ ಇಳಿಯುವಾಗ ಶೇ 40ಕ್ಕಿಂತ ಕಡಿಮೆ ಇರಬಾರದು. ನೀರಲ್ಲದೆ ಬಣ್ಣ, ಸುವಾಸನೆ ಏನನ್ನೂ ಸೇರಿಸುವಂತಿಲ್ಲ. ಆ ಕೆಂಬಣ್ಣ, ಆ ವೆನಿಲಾ ಪರಿಮಳ, ಬೆಲ್ಲ ಸುಟ್ಟಂಥ ಸಿಹಿ ವಾಸನೆ ಎಲ್ಲವೂ ಕರಿಕಾದ ಮರದಿಂದಲೇ ಬರಬೇಕು. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬರ್ಬನ್ ತಮ್ಮ ದೇಶದ್ದೇ ವಿಶಿಷ್ಟ ಉತ್ಪನ್ನ ಎಂದು ಘೋಷಿಸಿತು. ಬೇರೆ ಕಡೆ ಮಾಡಿದ್ದಕ್ಕೆ ಅಲ್ಲಿ ಆ ಹೆಸರಿಲ್ಲ.

ಇನ್ನೊಂದು ಮಾತನ್ನು ಲೇಬಲಿನಲ್ಲಿ ಹುಡುಕಬೇಕು: ‘ಸ್ಟ್ರೇಟ್’. ಅದಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿ ಕೂತದ್ದು ಎಂದರ್ಥ. 4 ವರ್ಷಕ್ಕಿಂತ ಎಳೆಯದಾದರೆ ವಯಸ್ಸನ್ನು ಬರೆಯಲೇಬೇಕು. ಹಾಗಾಗಿ ‘ಸ್ಟ್ರೇಟ್’ ಎಂದಿದ್ದು ವಯಸ್ಸು ಬರೆದಿಲ್ಲವಾದರೆ ಅದು 4 ವರ್ಷವೋ ಅದಕ್ಕಿಂತ ಹೆಚ್ಚೋ ಕೂತದ್ದೆಂದು ನಂಬಬಹುದು. ಬರೆಯದೇ ಇದ್ದದ್ದೂ ಸತ್ಯ ಹೇಳುವ ಲೇಬಲ್ ಇದು!

ಅಮೆರಿಕದವರು ಹುಟ್ಟಾ ಹರಿಶ್ಚಂದ್ರರೇನಲ್ಲ. ನೂರೈವತ್ತು ವರ್ಷದ ಹಿಂದೆ ಅಲ್ಲಿಯೂ ನನ್ನ ಮನೆ ಒಕ್ಕಲಿನ ಕತೆಯೇ. ಹಸಿ ಮದ್ಯಸಾರಕ್ಕೆ ತಂಬಾಕಿನ ರಸ, ಒಣಹಣ್ಣಿನ ರಸ ಬೆರೆಸಿ ಹಳೆಯ ವಿಸ್ಕಿಯೆಂದು ಮಾರುತ್ತಿದ್ದರು. ಪೀಪಾಯಿಯಿಂದ ಅಳೆದು ಕೊಡುತ್ತಿದ್ದ ಕಾಲ. ನಡುವೆ ಯಾರ ಕೈ ಆಡಿತೆಂದು ಹೇಳುವಂತಿರಲಿಲ್ಲ. 1870ರಲ್ಲಿ ‘ಓಲ್ಡ್ ಫಾರೆಸ್ಟರ್’ ಎಂಬ ಬರ್ಬನ್ ಮಾಡುತ್ತಿದ್ದ ಜಾರ್ಜ್ ಗಾರ್ವಿನ್ ಬ್ರೌನ್ ಎಂಬಾತ ತನ್ನ ಮಾಲನ್ನು ಮೊಹರು ಮಾಡಿದ ಬಾಟಲಿಯಲ್ಲಿ ಮಾತ್ರ ಮಾರಲು ಶುರುಮಾಡಿದ. 1897ರಲ್ಲಿ ಸರ್ಕಾರವೇ ‘ಬಾಟಲ್ಡ್ ಇನ್ ಬಾಂಡ್’ ಕಾನೂನು ತಂದಿತು: ಒಂದೇ ಭಟ್ಟಿಯದ್ದು, ಒಂದೇ ಹಂಗಾಮಿನದ್ದು, ಸರ್ಕಾರದ ಕಾವಲಿರುವ ಉಗ್ರಾಣದಲ್ಲಿ 4 ವರ್ಷ ಕೂತದ್ದು, ಶೇ 50ರ ಶಕ್ತಿಯದ್ದು. ನಂಬಿಕೆ ಎಂಬುದು ಅಲ್ಲಿಯೂ ಮೋಸದ ಹೊಟ್ಟೆಯಲ್ಲೇ ಹುಟ್ಟಿದ್ದು.

ಯಾವುದು ಕೊಳ್ಳಬೇಕು?

ತಿತಿಮತಿಯಲ್ಲಿ ಸಿಗದ್ದನ್ನು ಹುಡುಕಿಕೊಂಡು, ಆನೆಚೌಕೂರಿನ ಕಾಡು ದಾಟಿ, ಹುಣಸೂರಿನ ಮೇಲೆ ಮೈಸೂರಿಗೆ ಹೋದೆ. ಕರ್ನಾಟಕದಲ್ಲಿ 2003ರಿಂದ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ ಪಾನೀಯ ನಿಗಮದ ಮೂಲಕವೇ. ಅಂಗಡಿಯವನು ತನಗೆ ಬೇಕಾದ್ದನ್ನು ಬೇಕಾದಲ್ಲಿಂದ ತರುವಂತಿಲ್ಲ. ಹಾಗಾಗಿ ಅಮೆರಿಕದ ಅಂಗಡಿಗಳಲ್ಲಿ ಗೋಡೆ ತುಂಬ ಇರುವ ಬರ್ಬನ್, ನಮ್ಮ ದೊಡ್ಡ ಅಂಗಡಿಯಲ್ಲೂ ಬೆರಳೆಣಿಕೆಯಷ್ಟೇ. ಒಂದು ಲೆಕ್ಕಕ್ಕೆ ಒಳ್ಳೆಯದೇ; ತಲೆಕೆಡಿಸಿಕೊಳ್ಳುವುದು ಕಡಿಮೆ.

ಅಲ್ಲಿ ಕಂಡವು ನಾಲ್ಕು. ಮೊದಲನೆಯದು ಜಿಮ್ ಬೀಮ್, ಬಿಳಿ ಲೇಬಲಿನದು. 4 ವರ್ಷ ಕೂತ ಕೆಂಟಕಿ ಸ್ಟ್ರೇಟ್ ಬರ್ಬನ್, ನಾಲ್ಕರಲ್ಲಿ ಅತಿ ಅಗ್ಗ. ಎರಡನೆಯದು ಮೇಕರ್ಸ್ ಮಾರ್ಕ್, ಕತ್ತಿನ ಮೇಲೆ ಕೆಂಪು ಮೇಣ ಸುರಿದ ಬಾಟಲಿ. ಇದರಲ್ಲಿ ರೈ ಬದಲು ಗೋಧಿ, ಆದ್ದರಿಂದ ಖಾರ ಕಡಿಮೆ, ಮೃದು. ಮೂರನೆಯದು ವುಡ್‌ಫರ್ಡ್ ರಿಸರ್ವ್, ಇನ್ನೂ ದುಬಾರಿ. ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಜ್ಯಾಕ್ ಡೇನಿಯಲ್ಸ್. ಅದನ್ನು ಅನೇಕರು ಬರ್ಬನ್ ಎಂದೇ ತಿಳಿದಿದ್ದಾರೆ. ಮಾಡುವ ರೀತಿ ಹೆಚ್ಚುಕಡಿಮೆ ಅದೇ. ಆದರೆ ಪೀಪಾಯಿಗೆ ತುಂಬುವ ಮೊದಲು ಮೇಪಲ್ ಮರದ ಇದ್ದಿಲಿನ ಮೂಲಕ ಸೋಸುತ್ತಾರೆ. ಲೇಬಲಿನ ಮೇಲೆ ‘ಟೆನೆಸ್ಸೀ ವಿಸ್ಕಿ’ ಎಂದೇ ಬರೆದುಕೊಳ್ಳುತ್ತಾರೆ.

ಐದನೆಯದೊಂದನ್ನು ಅಂಗಡಿಯ ಹುಡುಗ ತಾನಾಗಿ ತೋರಿಸಿದ: ಓಕ್‌ಸ್ಮಿತ್. “ಇದರಲ್ಲೂ ಬರ್ಬನ್ ಇದೆ ಸಾರ್, ರೇಟು ಕಮ್ಮಿ.” ಅವನ ಮಾತು ಸುಳ್ಳಲ್ಲ. ಜಿಮ್ ಬೀಮ್‌ನ ಒಡೆತನದ ಕಂಪನಿಯೇ 2019ರಲ್ಲಿ ನಮ್ಮ ದೇಶಕ್ಕೆಂದು ತಂದ ವಿಸ್ಕಿ ಅದು. ಸ್ಕಾಟ್ಲೆಂಡಿನ ಮಾಲ್ಟ್, ಅಮೆರಿಕದ ಬರ್ಬನ್, ನಮ್ಮ ಧಾನ್ಯದ ಸ್ಪಿರಿಟ್ ಮೂರನ್ನೂ ಬೆರೆಸಿದ್ದು. ಬರ್ಬನ್ ‘ಇರುವ’ ವಿಸ್ಕಿ ಬೇರೆ, ಬರ್ಬನ್ನೇ ಬೇರೆ. ಹಾಲು ಹಾಕಿದ ಪಾಯಸವನ್ನು ಹಾಲು ಎನ್ನುತ್ತೇವೆಯೇ?

ಹಾಗಾದರೆ ದುಡ್ಡಿಗೆ ತಕ್ಕದ್ದು ಯಾವುದು? ಇಲ್ಲೊಂದು ಸಣ್ಣ ಲೆಕ್ಕ ಮಾಡಬೇಕು. ಬಂದರಿನಲ್ಲಿ ಇಳಿಯುವಾಗ 1,000 ರೂಪಾಯಿ ಬೀಳುವ ಬಾಟಲಿಯೊಂದು ಎಂದಿಟ್ಟುಕೊಳ್ಳಿ. ಮೊದಲು ಆಮದು ಸುಂಕ ಶೇ 150 ಇತ್ತು. ಅಲ್ಲೇ 2,500 ಆಯಿತು. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಸುಂಕವನ್ನು ಶೇ 100ಕ್ಕೆ ಇಳಿಸಿತು; ಆ ಲೆಕ್ಕದಲ್ಲಿ 2,000. ಇದರ ಮೇಲೆ ರಾಜ್ಯದ ಅಬಕಾರಿ ಸುಂಕ, ತರಿಸುವವನ ಲಾಭ, ಅಂಗಡಿಯವನ ಲಾಭ. 2,000 ರೂಪಾಯಿಯ ಬಾಟಲಿಯಾದರೆ ಸುಂಕವೂ ಅದಕ್ಕೆ ತಕ್ಕಂತೆ ದುಪ್ಪಟ್ಟು. ಅಂದರೆ ಅಮೆರಿಕದಲ್ಲಿ ಒಂದು ಮೆಟ್ಟಿಲು ಮೇಲಿನ ಬಾಟಲಿಗೆ ಕೊಡುವ ಹೆಚ್ಚುವರಿ ಹಣ, ಇಲ್ಲಿ ಎರಡು ಮೂರು ಪಟ್ಟಾಗಿ ನಮ್ಮ ಜೇಬಿನಿಂದ ಹೋಗುತ್ತದೆ. ರುಚಿ ಮಾತ್ರ ಒಂದೇ ಮೆಟ್ಟಿಲು ಮೇಲೇರುತ್ತದೆ.

ಹೀಗಾಗಿ ನನ್ನ ತೀರ್ಮಾನ ಇಷ್ಟು. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ತರುವುದಿದ್ದರೆ ‘ಬಾಟಲ್ಡ್ ಇನ್ ಬಾಂಡ್’ ಎಂದಿರುವುದನ್ನು ತರಲಿ. ಅಲ್ಲಿ ಅದಕ್ಕೆ ಬಹಳ ದುಡ್ಡು ಬೇಕಾಗಿಲ್ಲ. ಇಲ್ಲೇ ಕೊಳ್ಳುವುದಾದರೆ ‘ಸ್ಟ್ರೇಟ್’ ಎಂದಿರುವುದರಲ್ಲಿ ಎಲ್ಲಕ್ಕಿಂತ ಅಗ್ಗದ್ದೇ ಸಾಕು. ಕಾನೂನು ಅದಕ್ಕೂ ಅದೇ, ದುಬಾರಿಯದಕ್ಕೂ ಅದೇ. ಖಾರ ಸೇರದವರು ಗೋಧಿಯದನ್ನು ತೆಗೆದುಕೊಳ್ಳಬಹುದು. ಅದಕ್ಕಿಂತ ಮೇಲೆ ಹೋಗುವ ಮುನ್ನ ಒಮ್ಮೆ ನಮ್ಮ ಮೈಸೂರು ರಸ್ತೆಯ ಕಡೆ ನೋಡುವುದು ಒಳ್ಳೆಯದು.

ಕಂಬಿಪುರದ ಪೀಪಾಯಿಗಳು

ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕೆಂದೆನಲ್ಲ, ಹಾಗಾದರೆ ಹಳೆಯವು ಏನಾಗುತ್ತವೆ? ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ದೇಶಕ್ಕೂ ಬರುತ್ತವೆ. ಬೆಂಗಳೂರಿಗೆ ಹೋಗುವ ನಮ್ಮ ಬಸ್ಸು ಊರು ಸೇರುವ ಮುನ್ನ ಮೈಸೂರು ರಸ್ತೆಯಲ್ಲಿ ಕುಂಬಳಗೋಡು ದಾಟುತ್ತದೆ. ಅಲ್ಲೇ ಹತ್ತಿರದ ಕಂಬಿಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಶುರುಮಾಡಿದ ಕಂಪನಿ. ಬಹುಕಾಲ ಎಲ್ಲರಂತೆ ರಂ, ಬ್ರಾಂದಿ ಮಾಡಿಕೊಂಡಿದ್ದವರು, ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ಬರಿಯ ಬಾರ್ಲಿಯ ಮಾಲ್ಟ್ ವಿಸ್ಕಿಗೆ ಕೈಹಾಕಿದರು. 2004ರ ಆಗಸ್ಟಿನಲ್ಲಿ ಅದನ್ನು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತೇ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಪಂದಿಕರಿ ಮಾಡಿಕೊಂಡು ಕೊಡಗಿಗೇ ಮಾರಲು ಬಂದಂತೆ. 2010ರ ಆವೃತ್ತಿಯ ‘ವಿಸ್ಕಿ ಬೈಬಲ್’ನಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿ ಕೂರಿಸಿದ.

ಇಲ್ಲಿ ಕಲಿಯಬೇಕಾದ ಪಾಠ ವಯಸ್ಸಿನದು. 12 ವರ್ಷ, 18 ವರ್ಷ ಎಂದು ಲೇಬಲಿನ ಮೇಲಿರುವ ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಆದರೆ ಪೀಪಾಯಿಯೊಳಗಿನ ವಿಸ್ಕಿ ಮರದ ಮೂಲಕ ಆವಿಯಾಗುತ್ತಲೇ ಇರುತ್ತದೆ. ಹೀಗೆ ಆರಿಹೋಗುವುದಕ್ಕೆ ‘ದೇವತೆಗಳ ಪಾಲು’ ಎಂದು ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ಇದು ವರ್ಷಕ್ಕೆ ಸುಮಾರು ಶೇ 2. ಬೆಂಗಳೂರಿನ ಹವೆಯಲ್ಲಿ ಶೇ 10ನ್ನೂ ದಾಟುತ್ತದೆ. ಅಂದರೆ ನಮ್ಮ ದೇವತೆಗಳು ಐದು ಪಟ್ಟು ಕುಡುಕರು! ಅದೇ ಬಿಸಿಲಿಗೆ ಮರದ ಸತ್ವವೂ ಬೇಗ ಇಳಿಯುತ್ತದೆ. ಅಲ್ಲಿ ಹತ್ತಾರು ವರ್ಷದ ಕೆಲಸ ಇಲ್ಲಿ ನಾಲ್ಕೈದು ವರ್ಷಕ್ಕೇ ಮುಗಿಯುತ್ತದೆ. ಆದ್ದರಿಂದ ಬೇರೆ ಬೇರೆ ದೇಶದ ಬಾಟಲಿಗಳ ವಯಸ್ಸನ್ನು ಪಕ್ಕಪಕ್ಕ ಇಟ್ಟು ಬೆಲೆ ಕಟ್ಟುವುದು, ಮಡಿಕೇರಿಯ ಮಳೆಯನ್ನೂ ಚಿತ್ರದುರ್ಗದ ಮಳೆಯನ್ನೂ ಒಂದೇ ಬಕೆಟ್ಟಿನಲ್ಲಿ ಅಳೆದಂತೆ.

ಟೆಟ್ರಾ ಪ್ಯಾಕಿನವನ ಪಾಲು

ಇಷ್ಟೆಲ್ಲ ಬರೆಯುವಾಗ ತಿತಿಮತಿಯ ಆ ಅಂಗಡಿಯ ಮುಂದಿನ ಸಾಲು ಕಣ್ಣ ಮುಂದೆ ಬರುತ್ತದೆ. ಬಟವಾಡೆಯ ಸಂಜೆ ತೋಟದ ಕೆಲಸ ಮುಗಿಸಿ ಬಂದವರು ಕೊಳ್ಳುವುದು ಬಾಟಲಿಯನ್ನಲ್ಲ, 90 ಮಿಲಿಲೀಟರಿನ ಟೆಟ್ರಾ ಪ್ಯಾಕನ್ನು. ಅವರಿಗೆ ಆಯ್ಕೆಯೇ ಇಲ್ಲ. ಹೆಚ್ಚೆಂದರೆ ಪ್ಯಾಕಿನ ಬಣ್ಣದ ಆಯ್ಕೆ. ಲಂಡನ್ನಿನಲ್ಲಿ 2012ರಲ್ಲಿ ಪಾಲ್ ಜಾನ್ ಮಾಲ್ಟ್ ವಿಸ್ಕಿಯನ್ನು ಬಿಡುಗಡೆ ಮಾಡಿದ ಕಂಪನಿಯೇ ಒರಿಜಿನಲ್ ಚಾಯ್ಸನ್ನೂ ಮಾಡುತ್ತದೆ. ಒಂದೇ ಮನೆಯ ಮಾಲು, ಎರಡು ಲೋಕ.

ಆದರೆ ಒಂದು ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ. ನಮ್ಮ ದೇಶದ ವಿಸ್ಕಿಗಳ ಮೇಲೆ ಸಾಮಾನ್ಯವಾಗಿ ಕಾಣುವ ‘ಶೇ 42.8’ ಎಂಬ ವಿಚಿತ್ರ ಅಂಕಿ ಬ್ರಿಟಿಷರ ಕಾಲದ ‘75 ಪ್ರೂಫ್’ ಲೆಕ್ಕದ ಉಳಿಕೆ. ಟೆಟ್ರಾ ಪ್ಯಾಕಿನಲ್ಲೂ ಅಷ್ಟೇ, ಚಿನ್ನದ ಅಕ್ಷರದ ಬಾಟಲಿಯಲ್ಲೂ ಅಷ್ಟೇ. 60 ಮಿಲಿಲೀಟರಿನ ಪೆಗ್ಗಿನಲ್ಲಿ ಸುಮಾರು 26 ಮಿಲಿಲೀಟರ್ ಶುದ್ಧ ಮದ್ಯಸಾರ. ಶೇ 50ರ ಶಕ್ತಿಯ ದುಬಾರಿ ಮಾಲ್ಟ್ ಆದರೆ 30. ಪಿತ್ತಜನಕಾಂಗಕ್ಕೆ ಲೇಬಲ್ ಓದಲು ಬರುವುದಿಲ್ಲ. ಎಷ್ಟೇ ಸ್ವಲ್ಪವಾದರೂ ಕುಡಿತವನ್ನು ಸುರಕ್ಷಿತ ಎನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಒಳ್ಳೆಯ ಬಾಟಲಿ ಕೊಳ್ಳುವುದರ ಒಂದೇ ಒಂದು ಆರೋಗ್ಯಕರ ಲಾಭವೆಂದರೆ, ಬೆಲೆಯ ಹೆದರಿಕೆಗೆ ಅದು ನಿಧಾನವಾಗಿ ಖಾಲಿಯಾಗುತ್ತದೆ.

ಇನ್ನು ನಕಲಿಯ ಮಾತು. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರ ಹಾಗೂ ಗಡಿಯಾಚೆಯ ಕೃಷ್ಣಗಿರಿಯ ಕಡೆ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಕೊಂದದ್ದು ಮೆಥನಾಲ್. ಅದನ್ನು ನಾಲಿಗೆ ಗುರುತಿಸಲಾರದು. ನನ್ನ ಮನೆ ಒಕ್ಕಲಿನ ಬಾಟಲಿಯಲ್ಲಿ ಅಗ್ಗದ ಮಾಲು ಇತ್ತು, ಅಷ್ಟೇ. ಅದೇ ಜಾಗದಲ್ಲಿ ಬೇರೇನಾದರೂ ಇದ್ದಿದ್ದರೆ? ಇಂದಿಗೂ ನೆನೆದರೆ ಮೈ ನಡುಗುತ್ತದೆ. ಆದ್ದರಿಂದ ಲೈಸೆನ್ಸ್ ಇರುವ ಅಂಗಡಿಯಲ್ಲದೆ ಬೇರೆಲ್ಲೂ ಕೊಳ್ಳಬೇಡಿ. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಅಂಟುಚೀಟಿ ಹರಿಯದೆ ಇದೆಯೇ, ಮುಚ್ಚಳದ ಉಂಗುರ ಗಟ್ಟಿಯಾಗಿದೆಯೇ ನೋಡಿ. ಗರಿಷ್ಠ ಮಾರಾಟ ಬೆಲೆ ಲೇಬಲಿನ ಮೇಲೇ ಇರುತ್ತದೆ, ಬಿಲ್ ಕೇಳಿ. ಅರ್ಧ ಬೆಲೆಗೆ ಸಿಗುವ ವಿದೇಶಿ ಮದ್ಯವೆಂಬುದು ಈ ಭೂಮಿಯ ಮೇಲೆ ಇಲ್ಲ. ದುಬಾರಿ ಬಾಟಲಿ ಖಾಲಿಯಾದ ಮೇಲೆ ಗುಜರಿಗೆ ಹಾಕುವ ಮುನ್ನ ಲೇಬಲನ್ನು ಕೆರೆದು ಹಾಕಿ. ನಿಮ್ಮ ಖಾಲಿ ಬಾಟಲಿ ಇನ್ನೊಬ್ಬರ ಮನೆ ಒಕ್ಕಲಿಗೆ ಹೋಗದಿರಲಿ.

ಹಿರಿಯರ ಮುಂದೆ

ಕೊನೆಗೆ ನಾನು ಕೊಂಡದ್ದು ಆ ಅಗ್ಗದ ಬಿಳಿ ಲೇಬಲಿನದ್ದೇ. ಮೊಮ್ಮಗ ಕಳಿಸಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಆನೆಗಳು ರಸ್ತೆಗೆ ಬರುವ ಹೊತ್ತಿಗೆ ಮುಂಚೆ ಕಾಡು ದಾಟಬೇಕೆಂದು ಸಂಜೆಯ ಮೊದಲೇ ಹೊರಟು ಬಂದೆ. ದಾರಿಯುದ್ದಕ್ಕೂ ಒಂದೇ ಅಳುಕು: ದೊಡ್ಡ ಮಾವನ ಮುಂದೆ ಅಗ್ಗದ್ದನ್ನು ಇಟ್ಟೆನೆಂದು ಮನೆಯವರು ಅಂದುಕೊಂಡರೆ?

ಕೈಲ್ ಪೊಳ್ದಿನ ದಿನ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಉರಿಯುತ್ತಿತ್ತು. ಬಾಳೆಯೆಲೆಯ ಮುಂದೆ ಮಾವ ಆ ಬಾಟಲಿಯನ್ನು ಕೈಗೆ ತೆಗೆದುಕೊಂಡರು. ಮುಂದಿನದನ್ನು ನೋಡಲಿಲ್ಲ, ತಿರುಗಿಸಿ ಹಿಂದಿನದನ್ನು ಓದಿದರು. ಅಣ್ಣನ ಅಭ್ಯಾಸ ತಮ್ಮನಿಗೂ ಇತ್ತೆಂದು ಆಗ ತಿಳಿಯಿತು. ಮುಚ್ಚಳ ತಿರುವಿ, ಉಂಗುರ ಚಟ್ಟೆಂದು ಮುರಿದದ್ದನ್ನು ಕಿವಿಗೊಟ್ಟು ಕೇಳಿ, ಒಂದು ಲೋಟಕ್ಕೆ ಸುರಿದು ಎಲೆಯ ಪಕ್ಕ ಇಟ್ಟರು. ಆಮೇಲೆ ಒಳಗೆ ಹೋಗಿ ಮಿಲಿಟರಿ ಕ್ಯಾಂಟೀನಿನ ರಂ ಬಾಟಲಿಯೊಂದನ್ನು ತಂದು ಇನ್ನೊಂದು ಲೋಟ ತುಂಬಿ ಅದರ ಪಕ್ಕದಲ್ಲೇ ಇಟ್ಟರು.

“ಅದು ಮೊಮ್ಮಗನದ್ದು. ಇದು ನನ್ನದು” ಎಂದರು. “ಅಣ್ಣ ನಲವತ್ತು ವರ್ಷ ಇದನ್ನೇ ಕುಡಿದದ್ದು.”

ರಂ ಎಂದರೆ ಕಬ್ಬಿನ ಕೂಸು, ಕಾಕಂಬಿಯಿಂದಲೇ ಹುಟ್ಟುವಂಥದ್ದು. ಕಾಕಂಬಿಯನ್ನು ವಿಸ್ಕಿಯೆಂದು ಕರೆದುಕೊಳ್ಳುವ ಬಾಟಲಿಗಳ ನಡುವೆ, ತಾನು ಏನೋ ಅದೇ ಹೆಸರಿಟ್ಟುಕೊಂಡ ಮದ್ಯ. ಆ ಎಲೆಯ ಪಕ್ಕ ಕೂತಿದ್ದ ಎರಡು ಲೋಟಗಳಲ್ಲಿ ಒಂದಕ್ಕೆ ಸಮುದ್ರದಾಚೆಯ ಕಾನೂನಿನ ಕಾವಲು, ಇನ್ನೊಂದಕ್ಕೆ ಕ್ಯಾಂಟೀನಿನ ಮೊಹರು. ಎರಡರಲ್ಲೂ ಹೆಸರು ಹೇಳಿದ್ದೇ ಒಳಗಿತ್ತು.

ಹಿರಿಯರದ್ದಾದ ಮೇಲೆ ನಮ್ಮ ಸರದಿ. ಮಾವ ಬರ್ಬನ್ನಿನ ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿದರು. ನಾನು ಲೋಟವನ್ನೇ ನೋಡುತ್ತಿದ್ದೆ. ಅದು ಕೆಳಗಿಳಿಯಲಿಲ್ಲ.

“ಪರವಾಗಿಲ್ಲ” ಎಂದರು. “ಜೋಳದ್ದೇ.”